ಮೆತ್ತೆ ಕಲಿಸಿದ ಮುಖ

ಬೀಳುವುದಕ್ಕೂ ವಿದ್ಯೆ ಬೇಕು ಎಂದರೆ ಜನ ನಗುತ್ತಾರೆ. ನಗಲಿ. ಆಳೆತ್ತರದಿಂದ ಬೆನ್ನು ಕೆಳಗಾಗಿ ಬಿದ್ದು, ಗದ್ದವನ್ನು ಎದೆಗೆ ಒತ್ತಿ ಹಿಡಿದು, ಎರಡೂ ಅಂಗೈಗಳನ್ನು ಹಲಗೆಗೆ ಬಡಿದು, ನೋಡುವವರಿಗೆಲ್ಲ 'ಇವನ ಕಥೆ ಮುಗೀತು' ಅನ್ನಿಸಿ, ಮಾರನೆಯ ದಿನ ಇನ್ನೊಂದು ಊರಿನಲ್ಲಿ ಮತ್ತೆ ಬೀಳುವುದಕ್ಕೆ ಎದ್ದು ಬರುವುದು ಎಲ್ಲರ ಕೈಲಾಗುವ ಕೆಲಸವಲ್ಲ. ಕುಸ್ತಿ ಕಂಪನಿಯಲ್ಲಿ ಅವನಷ್ಟು ಚೆನ್ನಾಗಿ ಅದನ್ನು ಮಾಡುವವರು ಇನ್ನೊಬ್ಬರಿರಲಿಲ್ಲ. ಅವನ ಮೇಲೆ ಬಿದ್ದವರಿಗೂ ಪೆಟ್ಟಾಗುತ್ತಿರಲಿಲ್ಲ, ಅವನನ್ನು ಬೀಳಿಸಿದವರಿಗೂ ಆಗುತ್ತಿರಲಿಲ್ಲ. ಅದಕ್ಕೇ ಅವನಿಗೆ ಮೆತ್ತೆ ಎಂದು ಹೆಸರು ಬಿತ್ತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ಇವನಿಗೆ ಸಂಬಳ ಕೊಡುತ್ತಿದ್ದದ್ದೇ ಮೀಸೆ ಮಣ್ಣು ಮಾಡಿಕೊಳ್ಳುವುದಕ್ಕೆ.

ಯಾರು ಗೆಲ್ಲಬೇಕು, ಯಾರು ಸೋಲಬೇಕು ಎನ್ನುವುದನ್ನು ಕಂಪನಿಯ ಯಜಮಾನ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಹೇಳಿಬಿಡುತ್ತಿದ್ದ. ನೋಡುವವರಿಗೂ ಅದು ಗೊತ್ತು. ಗೊತ್ತಿದ್ದೂ ಸಂಜೆ ಬಂದು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರು. ಹೊಸಬನೊಬ್ಬನನ್ನು ಬೆಳೆಸುವುದಕ್ಕೆ ಕಂಪನಿಯಲ್ಲಿ ಒಂದು ಕ್ರಮವಿತ್ತು. ಮೊದಲು ಹೆಸರಿಲ್ಲದವರನ್ನು ಅವನ ಮುಂದೆ ನಿಲ್ಲಿಸಬೇಕು, ಅವನು ಚಿಟಿಕೆ ಹೊಡೆಯುವುದರೊಳಗೆ ಅವರನ್ನು ಮುಗಿಸಬೇಕು. ಆಮೇಲೆ ಅಷ್ಟಿಷ್ಟು ಹೆಸರಿರುವವರು. ಕೊನೆಗೆ ಜನ ಪ್ರೀತಿಸುವ ಒಬ್ಬ ಹಳಬ. ಆ ಹಳಬ ನೆಲ ಕಚ್ಚಿದಾಗ ಅವನ ಇಷ್ಟು ವರ್ಷದ ಗಳಿಕೆಯೆಲ್ಲ ಹೊಸಬನ ಪಾಲಾಗುತ್ತದೆ. ಮೆತ್ತೆಯ ಬೆನ್ನಿನ ಮೇಲೆ ಕಾಲಿಟ್ಟು ಮೇಲೆ ಹೋದವರು ಈಗ ಪೋಸ್ಟರಿನಲ್ಲಿ ತುಂಬಿಕೊಂಡಿದ್ದರು. ಅವನಿಗೆ ಅದರಲ್ಲಿ ಹೊಟ್ಟೆಕಿಚ್ಚಿರಲಿಲ್ಲ, ಒಂದು ಬಗೆಯ ಹೆಮ್ಮೆಯೇ ಇತ್ತು. ಆದರೆ ಅವರಲ್ಲಿ ಒಬ್ಬನೂ ತನ್ನವನಲ್ಲ ಎಂಬ ಕೊರಗು ಮಾತ್ರ ಇತ್ತು.

ಆದ್ದರಿಂದ ಯಜಮಾನ ಒಂದು ದಿನ ಅವನನ್ನು ಕರೆದು, "ನಿನ್ನ ಬಾಮೈದನನ್ನ ಬೆಳೆಸೋಣ ಅಂತಿದೀನಿ" ಎಂದಾಗ ಮೆತ್ತೆ ಕೂತಿದ್ದ ಕುರ್ಚಿಯಿಂದ ಎದ್ದೇಬಿಟ್ಟ.

ಬಾಮೈದ ಎಂದರೆ ಹೆಂಡತಿಯ ತಮ್ಮ. ಇಪ್ಪತ್ತಮೂರರ ಹುಡುಗ. ಕಂಪನಿಯ ಲಾರಿಯಿಂದ ರಿಂಗಿನ ಹಲಗೆ, ಹಗ್ಗ, ಕಬ್ಬಿಣದ ಕಂಬಗಳನ್ನು ಇಳಿಸಿ ಜೋಡಿಸುವುದು ಅವನ ಕೆಲಸ. ಇಬ್ಬರು ಹೊರುವ ಕಂಬವನ್ನು ಒಬ್ಬನೇ ಹೆಗಲಿಗೇರಿಸಿಕೊಂಡು ಹೋಗುವುದನ್ನು ಯಜಮಾನ ನೋಡಿದ್ದ. "ಇಷ್ಟು ದೊಡ್ಡ ಆಳನ್ನ ಕಂಬ ಹೊರೋಕೆ ಬಿಟ್ಟಿದೀಯಲ್ಲಯ್ಯ, ನಿನಗೆ ತಲೆ ಇದೆಯಾ? ಒಂದು ಚಳಿಗಾಲ ಕೊಡು. ಮನೆಮನೆಯಲ್ಲೂ ಇವನ ಹೆಸರು ಹೇಳೋ ಹಾಗೆ ಮಾಡ್ತೀನಿ. ಕಲಿಸೋನು ನೀನೇ."

ಮನೆಯಲ್ಲಿ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಕಂಪನಿಯವರ ಚಡ್ಡಿ, ನಿಲುವಂಗಿ, ಮುಖವಾಡಗಳನ್ನೆಲ್ಲ ಹೊಲಿದುಕೊಡುತ್ತಿದ್ದವಳು ಅವಳೇ. ಆದರೆ ಒಂದು ದಿನವೂ ಆಟ ನೋಡಲು ಬಂದವಳಲ್ಲ. ಹೊಡೆದಾಟ ಸುಳ್ಳೋ ನಿಜವೋ, ಅವಳಿಗೆ ಬೇಡ. ಸುದ್ದಿ ಕೇಳಿ ಅವಳು ಯಂತ್ರದ ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿದಳು.

"ಅವನ ಕೈಯಿಂದ ಯಾರಿಗೂ ಪೆಟ್ಟಾಗ್ಬಾರ್ದು" ಎಂದಳು.

"ಪೆಟ್ಟಾಗದ ಹಾಗೆ ಹೊಡೆಯೋದೇ ಕಣೆ ನಮ್ಮ ಕಸುಬು."

"ನಾನು ಹೇಳಿದ್ದು ಅದಲ್ಲ, ನಿಮಗೂ ಗೊತ್ತು. ಅವನು ನಮ್ಮಪ್ಪನ ಹಾಗೆ ಆಗ್ಬಾರ್ದು. ಅಷ್ಟು ನೋಡ್ಕೊಳ್ಳಿ. ಮಿಕ್ಕಿದ್ದು ನಿಮ್ಮಿಷ್ಟ."

ಅವಳಪ್ಪ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದವನು. ಕುಡಿಯುತ್ತಿರಲಿಲ್ಲ, ಅದೇ ಕಷ್ಟ. ಕುಡಿದು ಹೊಡೆಯುವವನಾದರೆ ಕುಡಿಯದ ದಿನವಾದರೂ ಮಕ್ಕಳಿಗೆ ನೆಮ್ಮದಿ. ಇವನಿಗೆ ಹೊತ್ತುಗೊತ್ತೆನ್ನುವುದೇ ಇರಲಿಲ್ಲ. ಬಾಗಿಲನ್ನು ಮೆಲ್ಲಗೆ ಹಾಕಿ, ದನಿ ಏರಿಸದೆ ಹೊಡೆಯುತ್ತಿದ್ದ; ಅವನು ಕೂಗಾಡಿದ್ದನ್ನು ಅಕ್ಕಪಕ್ಕದವರು ಯಾರೂ ಕೇಳಿದವರಲ್ಲ. ಎಷ್ಟು ಒಳ್ಳೆಯ ಮನುಷ್ಯ ಎಂದೇ ಹೇಳುತ್ತಿದ್ದರು. ತಾಯಿ ಬೇಗ ಕಣ್ಣು ಮುಚ್ಚಿದ್ದಳು. ಮೆತ್ತೆಯನ್ನು ಮದುವೆಯಾದ ದಿನವೇ ಅವಳು ತಮ್ಮನ ಕೈ ಹಿಡಿದುಕೊಂಡು, "ಇವನನ್ನ ಬಿಟ್ಟು ಬರಲ್ಲ" ಎಂದು ಹೊಸಿಲಲ್ಲೇ ನಿಂತಿದ್ದಳು. ಮೆತ್ತೆ ಇಬ್ಬರನ್ನೂ ಕರೆದುಕೊಂಡು ಬಂದ. ಹುಡುಗನಿಗೆ ಬೆಳೆಯುತ್ತ ಬೆಳೆಯುತ್ತ ಅಪ್ಪನ ಅದೇ ಭುಜ, ಅದೇ ಎತ್ತರ, ಅದೇ ಕೈ ಬಂತು. ಆದರೆ ಆ ಕೈಗಳಲ್ಲಿ ಅವನು ಗಾಜಿನ ಲೋಟ ಹಿಡಿದರೆ ಎಲ್ಲಿ ಒಡೆದುಹೋಗುತ್ತದೋ ಎಂಬಂತೆ ಹಿಡಿಯುತ್ತಿದ್ದ. ಅಕ್ಕ ಅದನ್ನು ನೋಡಿ ಒಳಗೊಳಗೇ ಹಿಗ್ಗುತ್ತಿದ್ದಳು. ಅವಳ ಬಾಳಿನಲ್ಲಿ ಅವಳು ಗೆದ್ದದ್ದು ಅದೊಂದನ್ನೇ.

ಮೆತ್ತೆ ಮಾತು ಕೊಟ್ಟ. ಕೊಡುವಾಗ ಮನಸ್ಸಿನಿಂದಲೇ ಕೊಟ್ಟ.

ಯಜಮಾನ ಹುಡುಗನಿಗೆ 'ಬಂಗಾರ' ಎಂದು ಹೆಸರಿಟ್ಟ. ಅಕ್ಕ ಹಳದಿ ಸ್ಯಾಟಿನ್ನಿನಲ್ಲಿ ಚಡ್ಡಿ ಹೊಲಿದು, ಅಂಚಿಗೆ ಹೊಳೆಯುವ ಪಟ್ಟಿ ಕೂಡಿಸಿದಳು. ಮೊದಲ ಆಟ ಒಂದು ಹಳೆಯ ಗಿರಣಿಯ ಶೆಡ್ಡಿನಲ್ಲಿ. ಎದುರಾಳಿ ಎಂದರೆ ಕಂಪನಿಯ ಲಾರಿ ಡ್ರೈವರ್. ಹುಡುಗ ಅವನನ್ನು ಎತ್ತಿದ್ದೂ ಚೆನ್ನಾಗಿತ್ತು, ಕೆಳಗೆ ಹಾಕಿದ್ದೂ ಚೆನ್ನಾಗಿತ್ತು. ಹಾಕಿದ ಮೇಲೆ ಬಗ್ಗಿ, "ಪೆಟ್ಟಾಯ್ತಾ ಅಣ್ಣ?" ಎಂದು ಕೇಳಿಬಿಟ್ಟ. ಮುಂದಿನ ಸಾಲಿನವರಿಗೆ ಕೇಳಿಸಿತು. ಅವರು ಹಿಂದಿನ ಸಾಲಿನವರಿಗೆ ಹೇಳಿದರು. ಶೆಡ್ಡಿಗೆ ಶೆಡ್ಡೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಅಲ್ಲಿಂದ ಮುಂದೆ ಅವನು ಎಲ್ಲಿಗೆ ಹೋದರೂ ಆ ಮಾತು ಅವನಿಗಿಂತ ಮೊದಲೇ ಹೋಗಿರುತ್ತಿತ್ತು. ಪರದೆ ಸರಿಯುತ್ತಿದ್ದ ಹಾಗೆ, "ಬಂತಪ್ಪ ಮದುವೆ ಗಂಡು! ಹೆಣ್ಣೆಲ್ಲಿ?" ಎಂದು ಕೂಗುವರು. ಅವನು ಗೆದ್ದಷ್ಟೂ ನಗು ಜಾಸ್ತಿಯಾಯಿತು. ಗೆಲ್ಲಿಸುವುದೇನೋ ಯಜಮಾನನ ಕೈಯಲ್ಲಿತ್ತು; ನಂಬಿಸುವುದು ಇರಲಿಲ್ಲ. ಪರದೆಯ ಹಿಂದೆ ಹಲ್ಲುಕಡ್ಡಿ ಕಚ್ಚಿಕೊಂಡು ನಿಂತು, ಸದ್ದಿನಿಂದಲೇ ಜನರ ಮನಸ್ಸು ಅಳೆಯುವ ಮನುಷ್ಯ ಅವನು. ಒಂದು ಸಂಜೆ ಕಡ್ಡಿ ಉಗಿದು, "ಇನ್ನೊಂದು ಸಲ ನೋಡ್ತೀನಿ ಮೆತ್ತೆ. ಆಗಲ್ಲ ಅಂದ್ರೆ ಕಂಬ ಹೊರೋಕೆ ಹೋಗ್ಲಿ" ಎಂದ.

ಮಾರನೆಯ ಬೆಳಿಗ್ಗೆ ಮೆತ್ತೆ ಹುಡುಗನನ್ನು ಅಭ್ಯಾಸದ ಗೋದಾಮಿಗೆ ಕರೆದುಕೊಂಡು ಹೋದ. ತಗಡಿನ ಮಾಡು, ಬೆವರು ಕುಡಿದು ಕುಡಿದು ಕಪ್ಪಾದ ಕ್ಯಾನ್ವಾಸು, ಮೂಲೆಯಲ್ಲಿ ತುಕ್ಕು ಹಿಡಿದ ತೂಕದ ಯಂತ್ರ. ಹಿಡಿತಗಳಲ್ಲಿ ಕಲಿಸುವುದು ಏನೂ ಉಳಿದಿರಲಿಲ್ಲ. ಎತ್ತುವ ಮುನ್ನ ಎತ್ತಿಸಿಕೊಳ್ಳುವವನು ನಿನ್ನ ಮಣಿಕಟ್ಟನ್ನು ಒಂದು ಸಲ ಒತ್ತಿದರೆ ಅವನು ತಯಾರು ಎಂದರ್ಥ. ಗಾಳಿಯಲ್ಲಿ ಇರುವಾಗ ಮತ್ತೆ ಒತ್ತಿದರೆ ಏನೋ ತಪ್ಪಿದೆ, ತಕ್ಷಣ ಇಳಿಸು ಎಂದರ್ಥ. ಬಾಯಿಯ ಕೂಗಿಗೆ ಬೆಲೆಯಿಲ್ಲ, ಕೂಗುವುದು ಅವನ ಕೆಲಸ; ಕೈ ಹೇಳಿದ್ದೇ ನಿಜ. ಇದೆಲ್ಲ ಹುಡುಗನಿಗೆ ಬಂದಿತ್ತು. ಲಾರಿ ಡ್ರೈವರ್ ತಾಯಿಯ ತೊಟ್ಟಿಲಲ್ಲೂ ಅಷ್ಟು ಜೋಪಾನವಾಗಿ ಮಲಗಿರಲಿಕ್ಕಿಲ್ಲ.

"ಹಿಡಿತ ಅಲ್ಲ ಕಣೋ ನಿನ್ನ ತೊಂದರೆ. ಮುಖ" ಎಂದ ಮೆತ್ತೆ. "ಮುಖ ಸರಿಯಿದ್ರೆ ಕೈ ಮುಟ್ಟೋದೇ ಬೇಡ, ಜನ ಹೆದರ್ತಾರೆ. ನಿನ್ನ ಮುಖ ನೋಡಿದ್ರೆ ಬಾಡಿಗೆ ಮನೆ ಕೇಳೋಕೆ ಬಂದೋನ ಹಾಗಿದೆ."

"ನನಗೆ ಬೇರೆ ಮುಖ ಎಲ್ಲಿಂದ ಬರುತ್ತೆ ಭಾವ?"

"ಸಾಲ ತಗೋ. ನಾನು ಬೀಳುವಾಗ ನಮ್ಮ ಬೀದಿಯಲ್ಲಿ ಮೆಟ್ಟಿಲಿಂದ ಜಾರಿಬಿದ್ದ ಒಬ್ಬ ಮುದುಕನ ಮುಖ ಹಾಕ್ಕೊತೀನಿ. ನನ್ನದಲ್ಲ ಅದು, ಅವನದು. ಹಾಗೇ ನೀನೂ ಒಬ್ಬರದ್ದು ತಗೋ. ಯಾರನ್ನ ಕಂಡ್ರೆ ನಿನಗೆ ಹೆದರಿಕೆ ಆಗ್ತಿತ್ತು?"

ಉತ್ತರ ಏನೆಂದು ಗೊತ್ತಿದ್ದೇ ಕೇಳಿದ. ಗೊತ್ತಿಲ್ಲದೆ ಕೇಳಿದ ಎಂದು ಹೇಳಿ ಅವನನ್ನು ಉಳಿಸಬಹುದಿತ್ತು, ಆದರೆ ಅದು ಸುಳ್ಳಾಗುತ್ತದೆ. ಕಸುಬುದಾರನಿಗೆ ಕಸುಬಿನ ಚಟ ಹತ್ತಿದಾಗ ಕೊಟ್ಟ ಮಾತು ಮೂಲೆಗೆ ಹೋಗುತ್ತದೆ. ಎದುರಿಗೆ ಎಂಥ ಸರಕು ಬಿದ್ದಿದೆ, ಯಾರೂ ಮುಟ್ಟಿಲ್ಲವಲ್ಲ ಎಂದಷ್ಟೇ ಆಗ ಅವನಿಗೆ ಕಂಡದ್ದು.

ಹುಡುಗ ಹಗ್ಗದ ಕಡೆಗೆ ತಿರುಗಿ ನಿಂತ. ಬೆನ್ನು ಮಾತ್ರ ಕಾಣುತ್ತಿತ್ತು. ಒಂದು ಭುಜ ಸ್ವಲ್ಪ ಕೆಳಗಿಳಿಯಿತು, ಮೂಟೆ ಹೊತ್ತವರಿಗೆ ಇಳಿಯುವ ಹಾಗೆ. ತಿರುಗಿದ. ತುಟಿಯ ಒಂದು ಕೊನೆಯಲ್ಲಿ ಸಣ್ಣ ನಗು. ಕಣ್ಣು ಮೆತ್ತೆಯನ್ನು ನೋಡುತ್ತಿತ್ತು, ನೋಡಿ ಮುಗಿದ ವಸ್ತುವನ್ನು ನೋಡುವ ಹಾಗೆ. ಅವಸರವೇ ಇಲ್ಲದೆ ಒಂದು ಹೆಜ್ಜೆ ಮುಂದಿಟ್ಟ. ಮೆತ್ತೆಗೆ ತಾನು ಹಿಂದೆ ಸರಿದದ್ದು ಬೆನ್ನಿಗೆ ಹಗ್ಗ ತಾಗಿದಾಗಲೇ ತಿಳಿಯಿತು. ಮಾವನನ್ನು, ಹೆಂಡತಿಯ ಅಪ್ಪನನ್ನು, ಅವನು ನೋಡಿದ್ದು ಎರಡೋ ಮೂರೋ ಸಲ. ಅಷ್ಟು ಸಾಕಾಗಿತ್ತು.

ಎದೆಯ ಮೇಲೆ ಕೈಯಿಟ್ಟುಕೊಂಡು ಮೆತ್ತೆ ನಕ್ಕ. ಚಪ್ಪಾಳೆ ಹೊಡೆದ. "ಇದೇ! ಇದೇ ಕಣೋ! ಇದನ್ನ ಬಿಡಬೇಡ, ಗಟ್ಟಿಯಾಗಿ ಹಿಡ್ಕೋ!"

ಹುಡುಗನ ಮುಖ ಮತ್ತೆ ಹುಡುಗನದ್ದಾಯಿತು. ಮೈ ಬೆವತು ಹೋಗಿತ್ತು. "ಅಕ್ಕನಿಗೆ ಹೇಳ್ಬೇಡ ಭಾವ" ಎಂದ.

"ನಾನ್ಯಾಕೆ ಹೇಳ್ಲಿ?"

ಯಜಮಾನ ಆ ಮುಖವನ್ನು ನೋಡಿದವನೇ ಹಳದಿ ಚಡ್ಡಿಯನ್ನು ಲಾರಿ ಒರೆಸಲು ಕೊಟ್ಟ. ಕಪ್ಪು ಹೊಲಿಸಿದ. ಹೆಸರು 'ಕೊಡಲಿ'. ಮಾತು ಒಂದೂ ಆಡಕೂಡದು, ನಿಲ್ಲುವುದು ನೋಡುವುದು ಇಷ್ಟೇ. ಅಕ್ಕ ಕಪ್ಪು ಬಟ್ಟೆ ಕತ್ತರಿಸುತ್ತ, "ಇದೆಂಥ ಹೆಸರು? ಕೊಡಲಿ ಕಾವು ಕುಲಕ್ಕೆ ಸಾವು ಅಂತಾರೆ, ನಿಮ್ಮ ಯಜಮಾನನಿಗೆ ಬೇರೆ ಸಿಗಲಿಲ್ವಾ?" ಎಂದಳು. ಮೆತ್ತೆ, "ಬಂಗಾರ ಅಂತಿಟ್ಟಾಗ ಏನು ಬಂಗಾರ ಸುರೀತು?" ಎಂದು ತಮಾಷೆ ಮಾಡಿ ತೇಲಿಸಿದ.

ಆ ಸಲ ಪರದೆ ಸರಿದಾಗ ಎಂದಿನಂತೆ ಯಾರೋ "ಮದುವೆ ಗಂಡು!" ಎಂದು ಶುರುಮಾಡಿದರು. ಹುಡುಗ ಆ ಕಡೆಗೆ ತಿರುಗಿ ನೋಡಿದ. ಕೂಗಿದವನ ಬಾಯಿ ಅಲ್ಲಿಗೇ ನಿಂತಿತು. ಮುಂದಿನ ಸಾಲಿನಲ್ಲಿದ್ದ ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು ಹಿಂದಿನ ಸಾಲಿಗೆ ಹೋದಳು. ಇಡೀ ಸಭಾಂಗಣಕ್ಕೆ ಫ್ಯಾನಿನ ಸದ್ದು ಕೇಳಿಸಿತು. ಪರದೆಯ ಹಿಂದೆ ಯಜಮಾನ ಹಲ್ಲುಕಡ್ಡಿಯನ್ನು ಬಾಯಿಯಿಂದ ತೆಗೆದು ಮೆತ್ತೆಯ ಬೆನ್ನು ತಟ್ಟಿದ. ಅವನು ಇಷ್ಟು ವರ್ಷದಲ್ಲಿ ತಟ್ಟಿದ್ದು ಅದೇ ಮೊದಲು.

ಕೊಡಲಿ ಬೆಳೆದ. ಹೆಸರಿಲ್ಲದವರು ಮುಗಿದರು, ಹೆಸರಿರುವವರು ಶುರುವಾದರು. ಪೋಸ್ಟರಿನ ಮೂಲೆಯಲ್ಲಿದ್ದ ಅವನ ಚಿತ್ರ ನಡುವಿಗೆ ಬಂತು. ಒಂದು ಸಂಜೆ ಆಟ ಮುಗಿದ ಮೇಲೆ ಉದ್ದನೆಯವನು (ಕಂಪನಿಯಲ್ಲಿ ಎಲ್ಲರಿಗಿಂತ ಎತ್ತರದ, ಎಲ್ಲರಿಗಿಂತ ಸಾಧುವಾದ ಮನುಷ್ಯ) ಸೀಳಿದ ತುಟಿಗೆ ಹತ್ತಿ ಒತ್ತಿಕೊಂಡು ಮೆತ್ತೆಯ ಪಕ್ಕದ ಬೆಂಚಿನ ಮೇಲೆ ಬಂದು ಕೂತ.

"ನಿನ್ನ ಬಾಮೈದ ಕೈ ಒತ್ತಿದ್ರೆ ಕೇಳಲ್ಲ ಕಣೋ."

"ಹೊಸಬ. ಗಡಿಬಿಡಿ ಆಗುತ್ತೆ."

"ಗಡಿಬಿಡಿ ಇರಲಿಲ್ಲಪ್ಪ ಅವನಿಗೆ. ಅದೇ ನಾನು ಹೇಳ್ತಿರೋದು."

ಮೆತ್ತೆ ಆ ಮಾತನ್ನು ಹೊಟ್ಟೆಯಲ್ಲೇ ಇಟ್ಟುಕೊಂಡ. ಹುಡುಗನನ್ನು ಕೇಳಲೂ ಇಲ್ಲ. ಕೇಳಿದರೆ ಮುಖ ಕೆಟ್ಟೀತು ಎಂಬ ಭಯ. ಬಿಸಿ ಹಾಲು ಉಕ್ಕುವಾಗ ಯಾರು ಒಲೆ ಆರಿಸುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡ. ಹಾಗೆ ನೋಡಿದರೆ ಎಲ್ಲರೂ ಆರಿಸುತ್ತಾರೆ. ಅವನಿಗೆ ಆಗ ಹೊಳೆಯಲಿಲ್ಲ, ಅಷ್ಟೇ.

ಮನೆಯಲ್ಲಿ ಹುಡುಗ ಅದೇ ಹುಡುಗ. ಅಕ್ಕನ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದ, ತರಕಾರಿ ತರುತ್ತಿದ್ದ. ಆದರೂ ಒಂದು ದಿನ ಅವನು ಹೊರಗೆ ಹೋದ ಮೇಲೆ ಅವಳು ಬಾಗಿಲನ್ನೇ ನೋಡುತ್ತ ಕೂತಿದ್ದಳು.

"ಅವನು ಬಾಗಿಲು ಹಾಕೋ ರೀತಿ ಬದಲಾಗಿದೆ."

"ಬಾಗಿಲು ಹಾಕೋಕೆ ಎಂಥ ರೀತಿ ಮಾರಾಯ್ತಿ? ಜೋರಾಗಿ ಬಡೀತಾನಾ?"

"ಇಲ್ಲ. ಮೆಲ್ಲಗೆ ಹಾಕ್ತಾನೆ." ಅವಳು ದಾರವನ್ನು ಹಲ್ಲಿನಿಂದ ಕಡಿದಳು. "ನೀವು ಅವನಿಗೆ ಅಲ್ಲಿ ಏನು ಕಲಿಸ್ತಿದೀರಿ?"

"ನಿಲ್ಲೋದು, ನೋಡೋದು" ಎಂದ ಮೆತ್ತೆ. ಅದು ನಿಜವೂ ಆಗಿತ್ತು.

ಕೊನೆಗೆ ಒಬ್ಬ ಹಳಬ ಬೇಕಾದ. ಯಜಮಾನ ಹುಡುಕಲು ಹೋಗಲಿಲ್ಲ. ಮೆತ್ತೆ ಸೋತೂ ಸೋತೂ ಜನಕ್ಕೆ ಮನೆಯ ಮನುಷ್ಯನಂತಾಗಿದ್ದ. ಕೆಲಸ ಕಳೆದುಕೊಂಡವರು, ಹೆಂಡತಿಯ ಕೈಯಲ್ಲಿ ಬೈಸಿಕೊಂಡು ಬಂದವರು, ಎಲ್ಲ ಅವನಲ್ಲಿ ತಮ್ಮನ್ನು ಕಂಡು ಸಿಳ್ಳೆ ಹಾಕುತ್ತಿದ್ದರು. ಒಂದು ಸಲವಾದರೂ ಅವನು ಗೆಲ್ಲಲಿ ಎಂದು ಎಲ್ಲರಿಗೂ ಆಸೆ. ಅಂಥವನನ್ನು, ಅವನೇ ಸಾಕಿದ ಹುಡುಗ ಮುರಿದು ಹಾಕಿದರೆ? "ಇದಕ್ಕಿಂತ ದೊಡ್ಡ ಕಥೆ ನನಗೆ ಹುಟ್ಟಿದಾಗಿನಿಂದ ಸಿಕ್ಕಿಲ್ಲ ಮೆತ್ತೆ" ಎಂದ ಯಜಮಾನ, ಕಣ್ಣಲ್ಲಿ ನೀರು ತಂದುಕೊಂಡು. ಮೆತ್ತೆಗೂ ಬೇರೆ ಯೋಚನೆಯಿರಲಿಲ್ಲ. ಇಷ್ಟು ಜನಕ್ಕೆ ಮೆಟ್ಟಿಲಾದವನು ಕಡೆಗೆ ತನ್ನವನಿಗೆ ಮೆಟ್ಟಿಲಾಗುತ್ತಿದ್ದ. ಅವನ ಪಾಲಿಗೆ ಅದು ಮಗನ ಮದುವೆಯಷ್ಟು ಸಂಭ್ರಮ.

ಆ ಸಂಜೆ ಸಭಾಂಗಣದಲ್ಲಿ ನಿಲ್ಲಲು ಜಾಗವಿರಲಿಲ್ಲ. ಮೈಕ್ ಹಿಡಿದವನು ಇಬ್ಬರ ಸಂಬಂಧವನ್ನು ಬಿಡಿಸಿ ಬಿಡಿಸಿ ಹೇಳಿದ. ಹೇಳಿದಾಗ ಜನ 'ಅಯ್ಯೋ' ಎಂದರು. ಆಟ ಅಂದುಕೊಂಡ ಹಾಗೆಯೇ ನಡೆಯಿತು. ಮೆತ್ತೆ ಎರಡು ಸಲ ಗೆಲ್ಲುವ ಹಾಗೆ ಕಂಡ, ಜನ ಕುರ್ಚಿಯ ಮೇಲೆ ಹತ್ತಿ ನಿಂತರು. ಆಮೇಲೆ ಕೊನೆಯ ಹಿಡಿತ. ಹುಡುಗ ಅವನನ್ನು ತಲೆಕೆಳಗಾಗಿ ಹೆಗಲಿಗೇರಿಸಿ ಬೆನ್ನ ಮೇಲೆ ಕೆಡವಬೇಕು. ಮೆತ್ತೆ ಮಣಿಕಟ್ಟು ಒತ್ತಿದ: ತಯಾರು.

ಮೇಲೆ ಹೋದ ಕೂಡಲೇ ಗೊತ್ತಾಯಿತು. ಬೆವರಿಗೆ ಹಿಡಿತ ಜಾರಿ ಸೊಂಟದಿಂದ ತೊಡೆಗೆ ಬಂದಿತ್ತು. ಈ ಹಿಡಿತದಲ್ಲಿ ಬಿಟ್ಟರೆ ಮೊದಲು ನೆಲ ಮುಟ್ಟುವುದು ಬೆನ್ನಲ್ಲ. ಅವನು ಮಣಿಕಟ್ಟು ಒತ್ತಿದ. ಮತ್ತೆ ಒತ್ತಿದ. ಉಗುರು ಇಳಿಯುವ ಹಾಗೆ ಒತ್ತಿದ. ರಿಂಗಿನಲ್ಲಿ ಎಂದೂ ಆಡದ ಮಾತನ್ನು ಆಡಿದ: "ಮಗಾ, ಇಳಿಸೋ." ತಲೆಕೆಳಗಾಗಿ ಅವನಿಗೆ ಹುಡುಗನ ಮುಖ ಕಾಣುತ್ತಿತ್ತು. ತುಟಿಯ ಕೊನೆಯಲ್ಲಿ ಆ ನಗು ಇತ್ತು. ಕೇಳಿಸಿಕೊಳ್ಳುವವರು ಆ ಮುಖದ ಹಿಂದೆ ಯಾರೂ ಇರಲಿಲ್ಲ.

ಒಣಕಟ್ಟಿಗೆ ಮುರಿದಂಥ ಸದ್ದು ಅವನಿಗೆ ತನ್ನೊಳಗಿನಿಂದ ಕೇಳಿಸಿತು. ಎಡಗೈ ಇತ್ತು, ಆದರೆ ಅವನದಾಗಿರಲಿಲ್ಲ. ಹುಡುಗ ಎದೆಯ ಮೇಲೆ ಕಾಲಿಟ್ಟ. ಅದು ಮೊದಲೇ ಮಾತಾಗಿದ್ದದ್ದು. ರೆಫರಿ ಮೂರು ಎಣಿಸಿದ. ಜನ ಮೆಚ್ಚಿ ಕೂಗಿದರು, ಅವನು ಎಂದಿಗಿಂತ ಚೆನ್ನಾಗಿ ಬಿದ್ದನೆಂದು. ಗಂಟೆ ಬಡಿದ ಮೇಲೆಯೇ ಹುಡುಗನ ಮುಖ ಕಳಚಿ ಬಿತ್ತು, ಅವನು ಬಗ್ಗಿ "ಭಾವಾ? ಭಾವಾ?" ಎಂದ. ಅದು ಮಾತ್ರ ಯಾರಿಗೂ ಕೇಳಿಸಲಿಲ್ಲ.

ಜೀವ ಉಳಿಯಿತು. ಕುತ್ತಿಗೆಯ ಮೂಳೆ ಬಿರುಕು ಬಿಟ್ಟಿತ್ತು. ಕೂದಲೆಳೆಯಲ್ಲಿ ಪಾರಾದಿರಿ, ಇನ್ನು ರಿಂಗಿನ ಆಸೆ ಬಿಡಿ ಎಂದರು ಡಾಕ್ಟರು. ಗದ್ದದಿಂದ ಭುಜದವರೆಗೆ ಗಟ್ಟಿ ಪಟ್ಟಿ ಬಿಗಿದು ಅಂಗಾತ ಮಲಗಿಸಿದರು. ಹುಡುಗ ಮಂಚದ ಕಾಲ ಹತ್ತಿರ ಕೂತು ಅಳುತ್ತಿದ್ದ. ಅಕ್ಕ ಬಂದಾಗ ಮೆತ್ತೆ ಬಾಯಿ ತೆರೆದದ್ದೇ ಅವಳಿಗೆ ಸಮಾಧಾನ ಹೇಳಲು: "ಬೆವರು ಕಣೆ. ಜಾರಿತು. ಅವನ ತಪ್ಪೇನಿಲ್ಲ." ಅವಳು ನಂಬಿದಳು. ತಮ್ಮನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು, "ಅಳ್ಬೇಡ ಕಣೋ. ನಿನ್ನ ಕೈ ಬೇಕೂಂತ ಅಂಥದ್ದು ಮಾಡೋದಲ್ಲ" ಎಂದು ತಾನೂ ಅತ್ತಳು. ಮೆತ್ತೆ ಮಾಡಿನ ಫ್ಯಾನನ್ನು ನೋಡುತ್ತ ಮಲಗಿದ್ದ. ಬೇರೆ ಕಡೆ ನೋಡಲು ಅವನಿಗೆ ಆಗುತ್ತಿರಲಿಲ್ಲ.

ಯಜಮಾನ ದ್ರಾಕ್ಷಿ ತಂದ. ತಂದ ದ್ರಾಕ್ಷಿಯನ್ನು ಮಾತಿನ ಭರದಲ್ಲಿ ತಾನೇ ತಿಂದ. ಜನ ಇನ್ನೂ ಅದೇ ಮಾತಾಡುತ್ತಿದ್ದಾರೆ, ಮುಂದಿನ ಊರಿನ ಸಭಾಂಗಣ ಆಗಲೇ ತುಂಬಿದೆ ಎಂದ. "ಇಂಥದ್ದು ಬೇಕು ಅಂದ್ರೂ ಸಿಗಲ್ಲ. ಈಗ ಅವನ ಬಾಯಿ ಬಿಡಿಸ್ಬೇಕು. ಇಷ್ಟು ದಿನ ಸುಮ್ಮನಿದ್ದೋನು ಮೈಕ್ ಹಿಡಿದು ಹೇಳ್ಬೇಕು, ನನ್ನನ್ನ ಸಾಕಿದವನ ಕುತ್ತಿಗೆ ಮುರಿದೆ ಅಂತ. ಅಷ್ಟು ಹೇಳಿದ್ರೆ ಸಾಕು, ಅವನನ್ನ ಇನ್ನು ಯಾರೂ ಹಿಡಿಯೋಕಾಗಲ್ಲ."

"ನಾನು ಹೇಳಲ್ಲ" ಎಂದ ಹುಡುಗ. "ನಾನು ಬಿಡ್ತೀನಿ. ಕಂಬ ಹೊರ್ತೀನಿ."

ಯಜಮಾನ ಮೆತ್ತೆಯ ಕಡೆ ನೋಡಿದ. ಆ ಹೊತ್ತಿನಲ್ಲಿ ಮೆತ್ತೆ 'ಹೌದು, ಬಿಡು' ಎಂದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಹೆಂಡತಿಗೆ ಕೊಟ್ಟ ಮಾತು, ಉದ್ದನೆಯವನ ತುಟಿ, ತಲೆಕೆಳಗಾಗಿ ಕಂಡ ಮುಖ, ಎಲ್ಲವೂ ಅವನ ಮುಂದೆ ಇತ್ತು. ಆದರೆ ಅವನ ಮುಂದೆ ಇನ್ನೊಂದೂ ಇತ್ತು: ಹುಡುಗ ಈಗ ಬಿಟ್ಟರೆ ಈ ಮುರಿದ ಕುತ್ತಿಗೆ ಯಾತಕ್ಕೂ ಅಲ್ಲ. ಬಿದ್ದದ್ದೆಲ್ಲ ಬರೀ ಬಿದ್ದದ್ದು. ಅದನ್ನು ಅವನಿಗೆ ತಾಳಿಕೊಳ್ಳಲಾಗಲಿಲ್ಲ.

"ನನ್ನ ಕುತ್ತಿಗೆ ದಂಡ ಮಾಡ್ಬೇಡ ಕಣೋ" ಎಂದ. "ಹೇಳೋದನ್ನ ನಾನು ಕಲಿಸ್ತೀನಿ."

ಮನೆಗೆ ಬಂದ ಮೇಲೆ ಮುಂದಿನ ಕೋಣೆಯಲ್ಲೇ ಅವನಿಗೆ ಹಾಸಿಗೆ ಮಾಡಿದ್ದರು. ಒಂದು ಮಧ್ಯಾಹ್ನ ಊಟವಾಗಿ ಅಕ್ಕ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಹುಡುಗ ಮಂಚದ ಕಾಲ ಕಡೆ, ಮೆತ್ತೆಯ ಕಣ್ಣಿಗೆ ಬೀಳುವ ಹಾಗೆ ನಿಂತ. ಮೈಕಿನ ಬದಲು ಕೈಯಲ್ಲಿ ಸುರುಳಿ ಸುತ್ತಿದ ಹಳೆಯ ಪೇಪರು.

ಮೊದಲ ಸಲ ಅವನಿಗೆ ಅಳುವೇ ಬಂತು. ಎರಡನೆಯ ಸಲ ಪಾಠ ಒಪ್ಪಿಸುವ ಮಗುವಿನಂತೆ ಹೇಳಿದ. "ಊರ ಚುನಾವಣೆಗೆ ನಿಂತಿದೀಯಾ?" ಎಂದು ಮೆತ್ತೆ ರೇಗಿಸಿದ, ಒಳಗಿನಿಂದ ಅಕ್ಕನೂ ನಕ್ಕಳು. ಮೂರನೆಯ ಸಲ ಹುಡುಗ ಕೂಗಿದ.

"ಕೂಗ್ಬೇಡ. ಕೂಗೋನಿಗೆ ಯಾರೂ ಹೆದರಲ್ಲ. ತಗ್ಗಿಸು. ಇನ್ನೂ ತಗ್ಗಿಸು. ಅವರೇ ಕಿವಿಗೊಟ್ಟು ಕೇಳೋ ಹಾಗಿರ್ಲಿ. ಅವಸರ ಬೇಡ. ಕಡೆಗೆ ಅವರನ್ನೇ ಒಂದು ಪ್ರಶ್ನೆ ಕೇಳು, ಕೇಳಿ ಸುಮ್ಮನಾಗು."

ಮೆತ್ತೆ ಕಸುಬಿನ ಮಾತನ್ನಷ್ಟೇ ಆಡುತ್ತಿದ್ದ. ತಗ್ಗಿದ ದನಿ ಯಾರದ್ದೆಂದು ಅವನು ನಿಜವಾಗಿಯೂ ಯೋಚಿಸಿರಲಿಲ್ಲ. ಮಾವನ ಆ ದನಿಯನ್ನು ಅವನು ಕೇಳಿಯೇ ಇರಲಿಲ್ಲ. ಹುಡುಗ ಗೋಡೆಯ ಕಡೆ ತಿರುಗಿ ನಿಂತ. ಭುಜ ಇಳಿಯಿತು. ತಿರುಗಿದಾಗ ಕೈಯಲ್ಲಿದ್ದ ಪೇಪರು ಸುರುಳಿ ಬಿಚ್ಚಿ ಕೆಳಗೆ ಬಿತ್ತು, ಅವನು ಗಮನಿಸಲಿಲ್ಲ.

"ಇವನು ನನಗೆ ಅನ್ನ ಹಾಕಿದ" ಎಂದ. ದನಿ ಒಂದಿಷ್ಟೂ ಏರಲಿಲ್ಲ. ಪ್ರೀತಿಯಿಂದ ಮಾತಾಡಿಸುವವರ ದನಿ ಅದು. "ನಾನು ಇವನ ಕುತ್ತಿಗೆ ಮುರಿದೆ. ಅಳಲಿಲ್ಲ, ಒಳ್ಳೆಯವನು. ಅಳೋರನ್ನ ಕಂಡ್ರೆ ನನಗಾಗಲ್ಲ. ಈಗ ನೀವು. ಹೇಳಿ. ಯಾರು ಮೊದಲು?"

ಮೆತ್ತೆಗೆ ತಿದ್ದುವುದಕ್ಕೆ ಏನೂ ಇರಲಿಲ್ಲ. ಇದನ್ನು ಕೇಳಿದರೆ ಸಭಾಂಗಣಕ್ಕೆ ಸಭಾಂಗಣವೇ ಉಸಿರು ಬಿಗಿಹಿಡಿಯುತ್ತದೆ ಎಂದುಕೊಂಡ.

ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಅದು ಉರುಳಿ, ಗಿರಗಿರ ಸುತ್ತಿ ನಿಂತಿತು. ಯಾರೂ ಅದನ್ನು ಎತ್ತಲಿಲ್ಲ.

"ನಾನು" ಎಂದಿತು ಒಳಗಿನಿಂದ ಒಂದು ದನಿ. ಸಣ್ಣ ಹುಡುಗಿಯ ದನಿ. "ನಾನೇ ಮೊದಲು, ಅಪ್ಪಾ. ತಮ್ಮ ಮಲಗಿದಾನೆ. ಅವನನ್ನ ಎಬ್ಬಿಸ್ಬೇಡ."

ಮೆತ್ತೆಗೆ ಅದು ತನ್ನ ಹೆಂಡತಿ ಎಂದು ತಿಳಿಯಲು ಹೊತ್ತು ಹಿಡಿಯಿತು. ಏಳಲು ಹೋದ, ಪಟ್ಟಿ ಬಿಡಲಿಲ್ಲ. ಕಣ್ಣಂಚಿನಲ್ಲಿ ಹುಡುಗ ಅಡುಗೆಮನೆಯ ಬಾಗಿಲಿಗೆ ಓಡಿದ್ದು ಕಂಡಿತು. ಅಲ್ಲಿ ನಿಂತು ಅವನು, "ಅಕ್ಕಾ, ನಾನು ಕಣೆ" ಎಂದ. ದನಿ ಇನ್ನೂ ಪೂರ್ತಿ ಅವನದಾಗಿರಲಿಲ್ಲ. ಒಳಗೆ ಏನೋ ನೆಲದ ಮೇಲೆ ತೆವಳಿದಂತೆ, ಗೋಡೆಗೆ ಒತ್ತಿಕೊಂಡಂತೆ ಸದ್ದಾಯಿತು. "ಹೂಂ ಅಪ್ಪಾ, ಅಳಲ್ಲ, ಅಳಲ್ಲ" ಎಂದು ಅವಳು ಒಂದೇ ಸಮನೆ ಹೇಳುತ್ತಿದ್ದಳು.

ಹುಡುಗ ಹೊಸಿಲು ದಾಟದೆ ನಿಂತ. ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡಿದ್ದ.

"ಭಾವ" ಎಂದ, ಹಿಂತಿರುಗದೆ. "ನಾನು ಅವಳ ಹತ್ತಿರ ಹೋಗ್ಲಾ?"

"ಬೇಡ" ಎಂದ ಮೆತ್ತೆ.